ಮೂರನೇ ಸಾಲಿನ ಸಿಲಿಂಡರುಗಳು

ಊದುಬತ್ತಿಯ ವಾಸನೆ ಬಂದರೆ ಬೇರೆಯವರಿಗೆ ದೇವರ ಮನೆ ನೆನಪಾಗುತ್ತದೇನೋ. ನನಗೆ ಒಂದು ಗಾಜಿನ ಬಾಟಲಿ ನೆನಪಾಗುತ್ತದೆ. ಹೋದ ತಿಂಗಳು ನಾಗಸಂದ್ರದಲ್ಲಿ ಮೆಟ್ರೋ ಇಳಿದು ತಂಗಿಯ ಮನೆಗೆ ನಡೆದು ಹೋಗುತ್ತಿದ್ದೆ. ಸರ್ವಿಸ್ ರಸ್ತೆಯ ವೆಲ್ಡಿಂಗ್ ಅಂಗಡಿಯವನೊಬ್ಬ ಬೆಳಗಿನ ಪೂಜೆ ಮುಗಿಸಿ, ಗೋಡೆಯ ಬಿರುಕಿಗೆ ಎರಡು ಊದುಬತ್ತಿ ಸಿಕ್ಕಿಸಿ, ಕೆಲಸ ಶುರುಮಾಡಿದ್ದ. ಕಾದ ಕಬ್ಬಿಣದ ವಾಸನೆಯೂ ಊದುಬತ್ತಿಯ ಹೊಗೆಯೂ ಒಟ್ಟಿಗೆ ಮೂಗಿಗೆ ಬಡಿದವು. ಕಾಲು ಅಲ್ಲೇ ನಿಂತುಬಿಟ್ಟಿತು.

"ಯಾಕ್ ಮೇಡಂ, ಏನಾದ್ರೂ ಆಗ್ಬೇಕಿತ್ತಾ?" ಎಂದ ಅವನು. ಏನೂ ಇಲ್ಲವೆಂದು ತಲೆಯಾಡಿಸಿ ಮುಂದೆ ಹೋದೆ. ಆದರೆ ಮೂವತ್ತೈದು ವರ್ಷಕ್ಕೂ ಹಿಂದಿನ ಒಂದು ಮಳೆಗಾಲ ತಂಗಿಯ ಮನೆಯವರೆಗೂ ನನ್ನ ಜೊತೆಗೇ ಬಂತು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ತನಾಲ್ಕು. ಅಪ್ಪ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದರು, ಜಾಲಹಳ್ಳಿ ಕಡೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ನಾನು ಬಿ.ಎಸ್ಸಿ. ಮುಗಿಸಿ, ಒಂದು ವರ್ಷ ಕಂಪ್ಯೂಟರ್ ಡಿಪ್ಲೊಮಾ ಮಾಡಿ, ಪೀಣ್ಯದ ಒಂದು ಗ್ಯಾಸ್ ಕಾರ್ಖಾನೆಗೆ ಸೇರಿದ್ದೆ. ಗಾಳಿಯನ್ನು ತಣ್ಣಗೆ ಮಾಡಿ ನೀರಿನಂತಾಗಿಸಿ, ಅದರಿಂದ ಆಕ್ಸಿಜನ್ನನ್ನೂ ನೈಟ್ರೋಜನ್ನನ್ನೂ ಬೇರೆ ಮಾಡಿ ಸಿಲಿಂಡರಿಗೆ ತುಂಬುವ ಕಾರ್ಖಾನೆ ಅದು. ತುಂಬುವ ಕಟ್ಟೆಯ ಮೇಲೆ ಎಂಟು ಸಾಲುಗಳಿದ್ದವು. ಒಂದೊಂದು ಸಾಲಿಗೂ ಒಂದು ದಪ್ಪ ಪೈಪು, ಪೈಪಿಗೆ ಹತ್ತಿಪ್ಪತ್ತು ಸಿಲಿಂಡರುಗಳು ಕಟ್ಟಿದ ಹಸುಗಳ ಹಾಗೆ ನಿಂತಿರುತ್ತಿದ್ದವು. ಹೆಚ್ಚಿನವು ಪೀಣ್ಯದ ವರ್ಕ್‌ಶಾಪುಗಳಿಗೆ ಕಬ್ಬಿಣ ಕತ್ತರಿಸಲು ಹೋಗುತ್ತಿದ್ದವು. ಹೆಗಲಿಗೆ ಬಿಳಿ ಬಣ್ಣ ಬಳಿದ ಕೆಲವು ಮಾತ್ರ ಆಸ್ಪತ್ರೆಗೆ.

ಯಾವ ಸಿಲಿಂಡರು ಯಾವ ಸಾಲಿನಲ್ಲಿ ತುಂಬಿತು, ಯಾರಿಗೆ ಹೋಯಿತು, ಖಾಲಿಯಾಗಿ ವಾಪಸು ಬಂತೋ ಇಲ್ಲವೋ, ಇದೆಲ್ಲವನ್ನೂ ಹದಿನೈದು ವರ್ಷದಿಂದ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಬರೆದುಕೊಂಡು ಬಂದವರು ಹನುಮಂತರಾಯಪ್ಪ. ಚೊಕ್ಕಸಂದ್ರದವರು. ಅವರ ರಾಗಿ ಹೊಲದ ಮೇಲೆಯೇ ಕಾರ್ಖಾನೆ ಎದ್ದಿತ್ತು, ಹೊಲ ಕೊಟ್ಟಿದ್ದಕ್ಕೆ ಕೆಲಸ ಸಿಕ್ಕಿತ್ತು. "ನಮ್ಮುಣಸೇಮರ ಇದ್ದುದ್ದು ನಿನ್ ಕುರ್ಚಿ ಐತಲ್ಲವ್ವಾ, ಸರ್ಯಾಗ್ ಅಲ್ಲೇ" ಎಂದು ನಗುತ್ತಿದ್ದರು.

ಆ ಪುಸ್ತಕಗಳನ್ನು ನಿಲ್ಲಿಸಿದವಳು ನಾನು. ಹಿಂದಿನ ವರ್ಷ ಕಂಪ್ಯೂಟರ್ ಬಂದಿತ್ತು. ಬೀರುವಿನಷ್ಟು ಎತ್ತರದ ಯಂತ್ರ, ಎರಡು ಪರದೆ, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಎಸಿ ರೂಮು. ಜೊತೆಗೆ ಡೇಟಾಬೇಸ್ ಎಂಬ ಹೊಸ ಪ್ಯಾಕೇಜು. ವರ್ಷವಿಡೀ ಕೂತು ದಿನದಿನದ ಲೆಕ್ಕವನ್ನೆಲ್ಲ ಅದಕ್ಕೆ ತುಂಬಿದ್ದೆ. ಯುಗಾದಿ ಆದಮೇಲೆ ಇನ್ನು ಪುಸ್ತಕ ಬೇಡ ಎಂದು ವರ್ಕ್ಸ್ ಮ್ಯಾನೇಜರ್ ಶೇಷಾದ್ರಿಯವರಿಗೆ ನಾನೇ ಹೇಳಿದ್ದೆ. "ಏನು ಬೇಕು ಅಂತ ಕೇಳಿದ್ರೆ ಸಾಕು ಸಾರ್. ಹೇಗೆ ಹುಡುಕೋದು ಅಂತ ಅದೇ ಯೋಚನೆ ಮಾಡುತ್ತೆ."

ಜೂನ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತು. ಮೋಡ ಕವಿದು ಇನ್ನೂ ಮಳೆ ಬಿದ್ದಿರಲಿಲ್ಲ. ಪೀಣ್ಯ ಎರಡನೇ ಹಂತದಲ್ಲಿ ಅಂಗಡಿ ಇಟ್ಟಿದ್ದ ಖಾದರ್ ಎಂಬ ವೆಲ್ಡರ್ ಆಟೋ ಟ್ರಾಲಿಯಲ್ಲಿ ಒಂದು ಸಿಲಿಂಡರ್ ಹಾಕಿಕೊಂಡು ಬಂದ. ಸಿಟ್ಟಿನಲ್ಲಿದ್ದ.

"ಇದ್ರಲ್ಲಿ ಬೆಂಕೀನೇ ನಿಲ್ಲಲ್ಲ ಸಾರ್. ನಾಲ್ಕ್ ಸಲ ಹಚ್ಚಿದೆ, ನಾಲ್ಕ್ ಸಲಾನೂ ಆರೋಯ್ತು. ಒಳಗೆ ಏನ್ ತುಂಬಿದೀರಾ?"

ಶೇಷಾದ್ರಿಯವರು ಊಟದ ಕೋಣೆಯಿಂದ ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ ತರಿಸಿದರು. ಸಿಲಿಂಡರಿನ ಬಾಯಿ ಸ್ವಲ್ಪವೇ ತಿರುಗಿಸಿ ಬಾಟಲಿಯೊಳಕ್ಕೆ ಗ್ಯಾಸು ಬಿಟ್ಟರು. ಹನುಮಂತರಾಯಪ್ಪ ಹೋಗಿ ದೇವರ ಪಟದ ಮುಂದೆ ಉರಿಯುತ್ತಿದ್ದ ಊದುಬತ್ತಿ ಕಿತ್ತು ತಂದು ಬಾಟಲಿಯೊಳಗೆ ಇಳಿಸಿದರು. ಆಕ್ಸಿಜನ್ ಆಗಿದ್ದರೆ ಕೆಂಡ ಭಗ್ಗನೆ ಉರಿಯಬೇಕು. ಅದು ಮಂಕಾಯಿತು, ಕಪ್ಪಾಯಿತು, ಒಂದು ಎಳೆ ಹೊಗೆ ಬಿಟ್ಟು ಸತ್ತುಹೋಯಿತು.

ಖಾದರನ ಸಿಟ್ಟು ಇಳಿದುಹೋಯಿತು. "ಇದೇ ಆಸ್ಪತ್ರೆಗೂ ಹೋಗುತ್ತಲ್ಲಾ ಸಾರ್?" ಎಂದು ಮೆಲ್ಲಗೆ ಕೇಳಿದ. ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಅವನು ಹೇಳಿದ್ದ.

ಸಿಲಿಂಡರಿನ ಕುತ್ತಿಗೆಯ ಮೇಲೆ ಕೊರೆದ ನಂಬರನ್ನು ನಾನು ಓಡಿಹೋಗಿ ಟೈಪು ಮಾಡಿದೆ. ಕ್ಷಣದಲ್ಲಿ ಉತ್ತರ ಬಂತು: ಮೂರನೇ ಸಾಲು. ಅರ್ಧ ಗಂಟೆಯಲ್ಲಿ ಕಾರಣವೂ ಸಿಕ್ಕಿತು. ಪೈಪು ಶುದ್ಧ ಮಾಡಲು ನೈಟ್ರೋಜನ್ ಬಿಡುವ ಸಣ್ಣದೊಂದು ಕೊಳವೆ ಆ ಸಾಲಿಗೆ ಇತ್ತು. ಅದರ ವಾಲ್ವು ಒಳಗೊಳಗೇ ಸೋರುತ್ತಿತ್ತು. ಯಾವತ್ತಿನಿಂದ ಎಂದು ಹೇಳುವವರಿಲ್ಲ. ಒಂದು ದಿನ ಸೋರಿರಬಹುದು, ಮರುದಿನ ಇಲ್ಲದಿರಬಹುದು. ನೈಟ್ರೋಜನ್ನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡುವವನಿಗೆ ಗೊತ್ತಾಗುವುದೇ ಇಲ್ಲ, ಸುಮ್ಮನೆ ನಿದ್ದೆ ಬಂದ ಹಾಗಾಗುತ್ತದೆ.

ಶೇಷಾದ್ರಿಯವರು ಗೊತ್ತಿದ್ದ ಆಸ್ಪತ್ರೆಗಳಿಗೆಲ್ಲ ಫೋನು ತಿರುಗಿಸತೊಡಗಿದರು. ಅರ್ಧ ಲೈನುಗಳು ಸತ್ತಿದ್ದವು. ಸಿಕ್ಕ ಡಾಕ್ಟರುಗಳು ಒಂದೇ ಪ್ರಶ್ನೆ ಕೇಳಿದರು: "ಎಲ್ಲಾ ಸಿಲಿಂಡರ್ ನಿಲ್ಸಿ ಅಂದ್ರೆ ಪೇಷೆಂಟಿಗೆ ಏನ್ರೀ ಕೊಡ್ಲಿ? ಯಾವ್ಯಾವ ನಂಬರ್ ಹೇಳ್ರೀ." ಶೇಷಾದ್ರಿಯವರು ನನ್ನ ರೂಮಿಗೆ ಬಂದರು. ಚಪ್ಪಲಿ ಬಿಡುವುದನ್ನೂ ಮರೆತಿದ್ದರು.

"ನೋಡಮ್ಮ ರತ್ನಾ, ಮೂರನೇ ಸಾಲಲ್ಲಿ ತುಂಬಿ, ಆಸ್ಪತ್ರೆಗೆ ಹೋಗಿ, ಇನ್ನೂ ವಾಪಸ್ ಬರದೇ ಇರೋವು. ಅಷ್ಟರ ನಂಬರ್ ಬೇಕು. ಎಷ್ಟ್ ಹೊತ್ತು?"

"ಐದ್ ನಿಮಿಷ ಸಾರ್."

ಆ ಐದು ನಿಮಿಷ ಎಂಬ ಮಾತು ಈಗಲೂ ಕಿವಿಯಲ್ಲಿದೆ. ಪ್ರಶ್ನೆ ಟೈಪು ಮಾಡಿದೆ. ಗುಂಡಿ ಒತ್ತಿದೆ. ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ ಮಿಟುಕುತ್ತಾ ಕೂತಿತು. ಐದು ನಿಮಿಷವಾಯಿತು, ಹದಿನೈದಾಯಿತು. ಡಿಸ್ಕು ಮಾಮೂಲಿಯಾಗಿ ಗುಂಯ್ ಎನ್ನುತ್ತಿದ್ದದ್ದು ಈಗ ಟಕ ಟಕ ಟಕ ಎಂದು ಹಲ್ಲು ಕಡಿಯುತ್ತಿತ್ತು. ಒಳಗೆ ಏನೋ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಹಾರುತ್ತಿತ್ತು. ಯಾವುದೋ ಹಾಸಿಗೆಯ ಮೇಲೆ ಯಾರದೋ ಮೂಗಿಗೆ ನಳಿಕೆ, ಪಕ್ಕದಲ್ಲಿ ಕೂತು ಬೀಸಣಿಗೆ ಬೀಸುವ ಮಗಳು. ಹುಷಾರಾಗುತ್ತಿದ್ದಾರೆ, ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡಿದ್ದಾಳೆ. ಇದೇ ಚಿತ್ರ ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು.

ನಿಲ್ಲಿಸಿ ಬೇರೆ ಥರ ಕೇಳೋಣವೆಂದರೆ ಅದಕ್ಕೂ ಭಯ. ಇನ್ನೊಂದು ನಿಮಿಷದಲ್ಲಿ ಮುಗಿಯುವುದಿದ್ದರೆ? ಹೊರಗೆ ಗುಡುಗು ಶುರುವಾಗಿತ್ತು. ಮಳೆ ಬಂದರೆ ಪೀಣ್ಯದಲ್ಲಿ ಕರೆಂಟು ಹೋಗುತ್ತದೆ. ಪಕ್ಕದ ಫೋನು ರಿಂಗಾದಾಗೆಲ್ಲ, ಇದೋ ಆ ಸುದ್ದಿಯೇ ಬಂತು ಎಂದು ಆ ಕಡೆಗೇ ತಿರುಗುತ್ತಿದ್ದೆ.

ಮುಕ್ಕಾಲು ಗಂಟೆ ಕಳೆದಿತ್ತು. ಹನುಮಂತರಾಯಪ್ಪ ಬರಿಗಾಲಿನಲ್ಲಿ ಒಳಗೆ ಬಂದು ನನ್ನ ಹಿಂದೆ ನಿಂತರು.

"ಏನಂತ ಕೇಳಿದೀಯವ್ವಾ ಅದ್ನ?"

ಹೇಳಿದೆ. ಅವರು ಯಂತ್ರದ ಟಕ ಟಕ ಕೇಳಿಸಿಕೊಳ್ಳುತ್ತಾ, "ಮೂರ್ನೇ ಸಾಲ್ ಇಡ್ಕಂಡು ಉಡುಕ್ತಾ ಐತಾ ಇದು?" ಎಂದರು.

"ಇರಬಹುದು. ಅದೇ ತೀರ್ಮಾನ ಮಾಡುತ್ತೆ, ನನಗೆ ಹೇಳಲ್ಲ."

"ಅಯ್ಯೋ ತಾಯೀ! ನಮ್ ಕಟ್ಟೇಲಿ ತುಂಬೋದೆಲ್ಲಾ ಲಾರಿಗತ್ರ ಇರೋ ಮೂರ್ನೇ ಸಾಲೇ ಅಲ್ವಾ? ಮಿಕ್ಕಿದ್ ಸಾಲು ಯಾವಾಗ್ಲೋ ಒಂದ್ ದಪ. ಮೂರ್ನೇ ಸಾಲು ಅಂತ ಒಂಟ್ರೆ ಇಡೀ ಪೀಣ್ಯ ಸುತ್ತಾಕ್ಬೇಕಾಯ್ತದೆ. ಆಸ್ಪತ್ರೆ ಎಷ್ಟವೆ? ಇಪ್ಪತ್ಮೂರು. ಅವುಕ್ಕೆ ನಾನು ಬ್ಯಾರೆ ಪುಸ್ತ್ಕಾನೇ ಮಡಗಿದ್ದೆ, ತೆಳ್ಳುಗಿತ್ತು. ಮೊದ್ಲು ಅದ್ನ ತಗೀತಿದ್ದೆ."

ಆಗ ಹೊಳೆಯಿತು. ಯಂತ್ರಕ್ಕೆ ಗೊತ್ತಿದ್ದದ್ದು ಇಷ್ಟೇ: ಸಾಲುಗಳು ಎಂಟು, ಗಿರಾಕಿಗಳು ಎರಡು ಬಗೆ. ಎಂಟರಲ್ಲಿ ಒಂದು ಎಂದರೆ ಸ್ವಲ್ಪ, ಎರಡರಲ್ಲಿ ಒಂದು ಎಂದರೆ ಅರ್ಧ. ಹಾಗಾಗಿ ಸ್ವಲ್ಪ ಇರುವ ಕಡೆಯಿಂದ ಹೊರಡುತ್ತೇನೆಂದು ಮೂರನೇ ಸಾಲಿನಿಂದ ಹೊರಟಿತ್ತು. ವರ್ಷದಲ್ಲಿ ತುಂಬಿದ್ದರಲ್ಲಿ ಮುಕ್ಕಾಲು ಪಾಲು ಆ ಒಂದೇ ಸಾಲಿನದು, ಆಸ್ಪತ್ರೆಯದು ಚಿಟಿಕೆಯಷ್ಟು ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಎಲ್ಲವೂ ಸಮಸಮ ಎಂದು ನಂಬಿ, ಲಕ್ಷ ಸಿಲಿಂಡರುಗಳನ್ನು ಒಂದೊಂದಾಗಿ ಎತ್ತಿ, ನೀನು ಆಸ್ಪತ್ರೆಗೆ ಹೋದೆಯಾ, ನೀನು ಹೋದೆಯಾ ಎಂದು ಕೇಳುತ್ತಾ ಕೂತಿತ್ತು. ಏನು ಬೇಕು ಎಂದರೆ ಸಾಕು ಎಂದಿದ್ದೆನಲ್ಲ, ನಾನು ನಂಬಿದ್ದದ್ದು ಇದನ್ನು.

ನಿಲ್ಲಿಸುವ ಗುಂಡಿ ಒತ್ತಿದೆ. ಮೊದಲು ಇಪ್ಪತ್ತಮೂರು ಆಸ್ಪತ್ರೆಗಳನ್ನು ಮಾತ್ರ ಒಂದು ಪುಟ್ಟ ಪಟ್ಟಿ ಮಾಡಿದೆ. ಅವುಗಳಲ್ಲಿ ವಾಪಸು ಬರದ ಸಿಲಿಂಡರುಗಳನ್ನು ಹೆಕ್ಕಿದೆ. ಕೊನೆಗೆ ಅವುಗಳಲ್ಲಿ ಮೂರನೇ ಸಾಲಿನವನ್ನು ಕೇಳಿದೆ. ಯಂತ್ರ ತಾನೇ ದಾರಿ ಆರಿಸಿಕೊಳ್ಳುವುದಕ್ಕೆ ಜಾಗವನ್ನೇ ಕೊಡಲಿಲ್ಲ. ಹನ್ನೊಂದು ನಿಮಿಷವಾಯಿತು. ಪ್ರಿಂಟರು ಕರ್ರೆಂದು ಮೂವತ್ತೊಂದು ನಂಬರು ಹೊರಗೆ ತಳ್ಳಿದಾಗ ಹೊರಗೆ ಮಳೆ ಸುರಿಯಲು ಶುರುವಾಯಿತು.

ಪಟ್ಟಿಯನ್ನು ನಾಲ್ಕು ತುಂಡು ಮಾಡಿ, ವ್ಯಾನಿನಲ್ಲೂ ಸ್ಕೂಟರಿನಲ್ಲೂ ಜನ ಹೊರಟರು. ಸಿಕ್ಕ ಫೋನಿನಲ್ಲಿ ಶೇಷಾದ್ರಿಯವರು ನಂಬರು ಓದತೊಡಗಿದರು. ಯಶವಂತಪುರದ ಕಡೆಗೆ ಹೊರಟ ವ್ಯಾನಿನಲ್ಲಿ ಹನುಮಂತರಾಯಪ್ಪನವರ ಜೊತೆ ನಾನೂ ಹತ್ತಿದೆ. ಮಡಿಲಲ್ಲಿ ಗಾಜಿನ ಬಾಟಲಿ, ಒಂದು ಕಟ್ಟು ಊದುಬತ್ತಿ, ನೆನೆಯದ ಹಾಗೆ ಸೆರಗಿನಲ್ಲಿ ಸುತ್ತಿದ ಬೆಂಕಿಪೊಟ್ಟಣ. ತುಮಕೂರು ರಸ್ತೆಯಲ್ಲಿ ಲಾರಿಗಳು ನಿಂತಲ್ಲೇ ನಿಂತಿದ್ದವು. ಡ್ರೈವರ್ ಹಾರನ್ ಒತ್ತಿದ ಕೈ ತೆಗೆಯಲೇ ಇಲ್ಲ.

ಎರಡನೇ ನರ್ಸಿಂಗ್ ಹೋಮಿನಲ್ಲಿ ಒಬ್ಬ ಮುದುಕರ ಮಂಚದ ಪಕ್ಕ ಸಿಲಿಂಡರ್ ನಿಂತಿತ್ತು. ಅದರ ಕುತ್ತಿಗೆಯ ಮೇಲೆ ಒಣಗಲು ಹಾಕಿದ್ದ ಟವೆಲ್ ಸರಿಸಿ ನಂಬರು ಓದಿದೆ. ಪಟ್ಟಿಯಲ್ಲಿತ್ತು. ಮುದುಕರು ಕಣ್ಣು ಮುಚ್ಚಿ ಬಾಯಿ ತೆರೆದು ಮಲಗಿದ್ದರು. ಅವರ ಎದೆ ಏರುತ್ತಿದೆಯೋ ಇಲ್ಲವೋ ನನಗೆ ಕಾಣಲಿಲ್ಲ. ಕಿರುಚಿದೆನಂತೆ. ನನಗೆ ನೆನಪಿಲ್ಲ. ನರ್ಸ್ ಓಡಿಬಂದು ಬೇರೆ ಸಿಲಿಂಡರ್ ಜೋಡಿಸಿದಳು. ಹನುಮಂತರಾಯಪ್ಪ ಮೊದಲಿನದನ್ನು ಉರುಳಿಸಿಕೊಂಡು ವರಾಂಡಕ್ಕೆ ತಂದು ಬಾಟಲಿಗೆ ಗ್ಯಾಸು ಬಿಟ್ಟರು. ಊದುಬತ್ತಿ ಇಳಿಸಿದ್ದೇ ತಡ, ಭಗ್ ಎಂದು ಬೆಳ್ಳಗೆ ಹತ್ತಿಕೊಂಡಿತು. ಒಳ್ಳೆಯ ಸಿಲಿಂಡರು, ಮುದುಕರಿಗೆ ಬರೀ ನಿದ್ದೆ. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

"ಏಳವ್ವಾ, ಇನ್ನೂ ಎಲ್ಡ್ ಕಡೆ ಐತೆ" ಎಂದರು ಅವರು.

ಕತ್ತಲಾಗುವ ಮುಂಚೆ ಮೂವತ್ತೊಂದೂ ಸಿಕ್ಕವು. ಅವುಗಳಲ್ಲಿ ನಾಲ್ಕು ಊದುಬತ್ತಿಯನ್ನು ಕೊಂದವು. ನಾಲ್ಕನ್ನೂ ಇನ್ನೂ ಯಾರಿಗೂ ಹಾಕಿರಲಿಲ್ಲ. ಆದರೆ ನಾವು ಕೊನೆಗೆ ಹೋದ ನರ್ಸಿಂಗ್ ಹೋಮಿನ ಹಿತ್ತಲಲ್ಲಿ ಪಟ್ಟಿಯಲ್ಲಿದ್ದ ಒಂದು ಸಿಲಿಂಡರ್ ಖಾಲಿಯಾಗಿ ನಿಂತಿತ್ತು. ಖಾಲಿ ಎಂದರೆ ಯಾರೋ ಅದನ್ನು ಉಸಿರಾಡಿದ್ದಾರೆ. ಯಾರು? ಅಲ್ಲಿದ್ದ ಆಯಾಗೆ ಗೊತ್ತಿರಲಿಲ್ಲ. ಆ ವಾರ ಡ್ಯೂಟಿಯಲ್ಲಿದ್ದ ಸಿಸ್ಟರ್ ಅನ್ನಮ್ಮ ರಜೆ ಮೇಲೆ ಕೇರಳಕ್ಕೆ ಹೋಗಿದ್ದರು. ಯಾರಿಗೆ ಯಾವ ಸಿಲಿಂಡರ್ ಹಾಕಿದೆವೆಂದು ಅವರಲ್ಲಿ ಬರೆದಿಡುವ ಪದ್ಧತಿ ಇರಲಿಲ್ಲ.

ಆಮೇಲಿನ ಮೂರು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಮನೆಯಲ್ಲಿ ಯಾರಾದರೂ ಮಧ್ಯಾಹ್ನ ಮಲಗಿದ್ದರೆ ಎಬ್ಬಿಸಿ ನೋಡುತ್ತಿದ್ದೆ. ಅಮ್ಮ ದೃಷ್ಟಿ ತೆಗೆದರು. ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆಂದು ಹೆದರಿ ಕೆಲಸಕ್ಕೆ ಬಿದ್ದೆ. ಪ್ಯಾಕೇಜು ಮಾರಿದವರ ಕಡೆಯಿಂದ ಬಂದ ಇಂಜಿನಿಯರು, "ಅದು ಹಾಗೇ ಮೇಡಂ. ಎಲ್ಲಾ ಈಕ್ವಲ್ ಅಂತ ತಗೊಳ್ಳುತ್ತೆ. ಯಾವುದು ಜಾಸ್ತಿ ಬರುತ್ತೆ, ಯಾವುದು ಅಪರೂಪ ಅಂತ ಎಣಿಸಿಟ್ಕೊಳ್ಳೋದು ಫಾರಿನ್ನಿನ ಹೊಸ ಪ್ಯಾಕೇಜುಗಳಲ್ಲಿ ಬರ್ತಾ ಇದೆಯಂತೆ" ಎಂದು ಹೇಳಿ ಕಾಫಿ ಕುಡಿದು ಹೋದ. ಫಾರಿನ್ನಿನದು ಬರುವವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ನಾನೇ ಒಂದು ಪ್ರೋಗ್ರಾಮ್ ಬರೆದೆ. ಪ್ರತಿ ಸೋಮವಾರ ಅದು ಸಾಲು, ಗಿರಾಕಿ ಎಂಬ ಒಂದೊಂದು ಕಾಲಮನ್ನೂ ಓದಿ, ಅದರಲ್ಲಿ ಅತಿ ಹೆಚ್ಚು ಸಲ ಬರುವ ಹತ್ತನ್ನು, ಯಾವುದು ನೂರಕ್ಕೆ ಎಷ್ಟು ಎಂಬುದರ ಜೊತೆ ಒಂದು ಪಟ್ಟಿಯಲ್ಲಿ ಬರೆದಿಡುತ್ತಿತ್ತು. ಏನಾದರೂ ಹುಡುಕುವ ಮೊದಲು ಆ ಪಟ್ಟಿ ನೋಡಿ, ಅಪರೂಪದ್ದು ಎಲ್ಲಿದೆಯೋ ಅಲ್ಲಿಂದ ಹೊರಡುವ ಹಾಗೆ ಮಾಡಿದೆ. ಆ ಶನಿವಾರದ ಪ್ರಶ್ನೆಯನ್ನೇ ಮತ್ತೆ ಕೇಳಿದೆ. ಒಂಬತ್ತು ನಿಮಿಷದಲ್ಲಿ ಉತ್ತರ ಬಂತು. ಡಿಸ್ಕು ಹಲ್ಲು ಕಡಿಯಲಿಲ್ಲ.

ಹುಮ್ಮಸ್ಸು ಬಂದು ಉಳಿದ ಲೆಕ್ಕಗಳಿಗೂ ಅದನ್ನು ಓಡಿಸಿದೆ. ಗಿರಾಕಿಗಳ ದೂರಿನ ಪಟ್ಟಿಯೂ ಒಂದಿತ್ತು. ವ್ಯಾನಿನವರು ತರುವ ಚೀಟಿಗಳನ್ನು ನಾನೇ ಟೈಪು ಮಾಡುತ್ತಿದ್ದೆ: ಸೋರಿಕೆ, ತಡ, ಬಣ್ಣ ಹೋಗಿದೆ, ಇತರೆ. ಎಣಿಕೆ ಬಂತು. ದೂರುಗಳಲ್ಲಿ ನೂರಕ್ಕೆ ಎಂಬತ್ತೆಂಟು ಇತರೆ. ಯಾವುದಕ್ಕೂ ಸೇರದಿದ್ದರೆ ಇತರೆ, ಓದಲು ಬೇಜಾರಾದರೆ ಇತರೆ. ಅದರಲ್ಲಿ ಏನಿದೆಯೆಂದು ಯಾರೂ ತೆಗೆದು ನೋಡುತ್ತಿರಲಿಲ್ಲ. ಅವತ್ತು ನಾನು ಆಸ್ಪತ್ರೆಗಳದನ್ನು ಮಾತ್ರ ತೆಗೆದು ನೋಡಿದೆ.

ಖಾದರ್ ಬಂದ ಶನಿವಾರಕ್ಕೆ ಮೂರು ದಿನ ಮೊದಲಿನ ತಾರೀಕು. ಕೊನೆಯ ಆ ನರ್ಸಿಂಗ್ ಹೋಮಿನ ಹೆಸರು. "ಸಿಲಿಂಡರ್ ತುಂಬಿದೆ ಆದರೆ ಗ್ಯಾಸ್ ಸರಿಯಿಲ್ಲ. ರೋಗಿ ಜಯಮ್ಮನಿಗೆ ಉಸಿರು ಕಟ್ಟಿತು. ಬೇರೆ ಹಾಕಿದೆವು. ಯಾರಾದರೂ ಬಂದು ನೋಡಿ." ಪಕ್ಕದಲ್ಲಿ ಟೈಪು ಮಾಡಿದವರ ಗುರುತು. ಅದು ನನ್ನದು.

ಆ ಸಾಲನ್ನು ಟೈಪು ಮಾಡಿದ ನೆನಪೇ ನನಗಿರಲಿಲ್ಲ. ಇತರೆ ಎಂದು ಹಾಕಿ ಮುಂದಿನ ಚೀಟಿಗೆ ಹೋಗಿದ್ದೆ.

ಶೇಷಾದ್ರಿಯವರಿಗೆ ತೋರಿಸಿದೆ. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. "ಈಗ ಯಾರಿಗೂ ಏನೂ ಆಗಿಲ್ಲವಲ್ಲಮ್ಮ. ಇಂಥಾದ್ದಕ್ಕೆ ಬೇರೆ ಕೋಡ್ ಮಾಡು" ಎಂದರು. ಹನುಮಂತರಾಯಪ್ಪನವರಿಗೆ ಹೇಳಿದಾಗ ಅವರು, "ಓಗಿ ನೋಡ್ಕಂಬಾ. ಇಲ್ದಿದ್ರೆ ನಿಂಗೆ ನಿದ್ದೆ ಬರಾಕಿಲ್ಲ" ಎಂದರು.

ಸಿಸ್ಟರ್ ಅನ್ನಮ್ಮ ರಜೆ ಮುಗಿಸಿ ಬಂದಿದ್ದರು. ನಾನು ಎಲ್ಲಿಂದ ಬಂದೆನೆಂದು ಹೇಳಿದೊಡನೆ ಅವರ ಮುಖ ಗಟ್ಟಿಯಾಯಿತು. "ನಾನು ಚೀಟಿ ಬರೆದು ಕೊಟ್ಟೆ ಅಲ್ಲಾ? ನೀವು ಯಾರೂ ಬರಲಿಲ್ಲ. ಸಿಜೇರಿಯನ್ ಪೇಷೆಂಟ್. ತುಟಿ ನೀಲಿ ಆಯ್ತು. ಸಿಲಿಂಡರ್ ಖಾಲಿ ಅಂತ ನೋಡಿದೆ, ಫುಲ್ ಇದೆ. ಏನೋ ತಪ್ಪಿದೆ ಅಂತ ಬೇರೆ ಹಾಕಿದೆ. ಅದನ್ನ ಇನ್ಯಾರೂ ಹಾಕಬಾರದು ಅಂತ ಹಿತ್ತಲಲ್ಲಿ ಇಟ್ಟು ಗ್ಯಾಸ್ ಪೂರ್ತಿ ಹೊರಗೆ ಬಿಟ್ಟುಬಿಟ್ಟೆ."

ಜಯಮ್ಮನ ಮನೆ ಲಗ್ಗೆರೆಯಲ್ಲಿ. ಭಾನುವಾರ ಮಳೆ ಬಿಟ್ಟ ಮಧ್ಯಾಹ್ನ ಹುಡುಕಿಕೊಂಡು ಹೋದೆ. ಶೀಟಿನ ಮನೆ. ನನಗಿಂತ ಚಿಕ್ಕವಳು ಬಾಗಿಲ ಬಳಿ ಬಿಸಿಲಿಗೆ ಕಾಲು ಚಾಚಿ, ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಮಗು ಮಡಿಲಲ್ಲಿ ನಿದ್ದೆ ಮಾಡುತ್ತಿತ್ತು. ಆಸ್ಪತ್ರೆಯ ಕಡೆಯಿಂದ ನೋಡಲು ಬಂದೆ ಎಂದೆ. ಖುಷಿಯಾಗಿ ಮಣೆ ತೋರಿಸಿದಳು.

"ಚೆನ್ನಾಗಿದೀನಕ್ಕಾ. ಆವತ್ತು ಉಸ್ರು ಕಟ್ಟಿತ್ತಂತೆ, ನಂಗೆ ಗ್ಯಾನಾನೇ ಇಲ್ಲ. ಎರಿಗೆ ಆದ್ಮೇಲೆ ಎಲ್ರಿಗೂ ಅಂಗೇ ಆಯ್ತದಂತಲ್ಲ?"

ಹೌದು ಎನ್ನಬಹುದಿತ್ತು. ಅಷ್ಟಕ್ಕೆ ಮುಗಿಯುತ್ತಿತ್ತು.

"ಇಲ್ಲ," ಎಂದೆ. "ಎಲ್ಲರಿಗೂ ಆಗಲ್ಲ."

ಎಲ್ಲವನ್ನೂ ಹೇಳಿದೆ. ವಾಲ್ವು, ಚೀಟಿ, ಅದನ್ನು ಓದದೆ ಟೈಪು ಮಾಡಿದ ನಾನು. ಮುಗಿಸಿದ ಮೇಲೆ ಅವಳು ಕೇಳಿದಳು: "ಸಿಸ್ಟರು ನೋಡ್ದೆ ಓಗಿದ್ರೆ?"

ನಾನು ಮಗುವಿನ ಕಡೆ ನೋಡಿದೆ.

"ನಮ್ಮನೇರು ಬರೋ ಒತ್ತಾಯ್ತು. ಅವ್ರ ಮುಂದೆ ಇದೆಲ್ಲಾ ಏಳ್ಬ್ಯಾಡಿ. ನೀವು ಒಂಟೋಗಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಎದ್ದು ನಡೆದೆ. ಎದೆಯ ಭಾರ ಇಳಿಯುತ್ತದೆಂದುಕೊಂಡು ಹೋಗಿದ್ದೆ. ಬೀದಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದೆ. ಜಯಮ್ಮ ಕೂತಲ್ಲೇ ಬಾಗಿ, ನಿದ್ದೆಯಲ್ಲಿದ್ದ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ನೋಡುತ್ತಿದ್ದಳು.